ಕಂಬಕ್ಕೆ ಒರೆಸಿದ ಹೆಬ್ಬೆಟ್ಟು

"ಅಮ್ಮಾ, ಆ ತಾತ ಎಲ್ಲರ ಹೆಬ್ಬೆಟ್ಟನ್ನೇ ಯಾಕೆ ನೋಡ್ತಾರೆ? ಮುಖ ಯಾಕೆ ನೋಡಲ್ಲ?"

ಶನಿವಾರ ಸಂಜೆ ಒಂಟಿಕೊಪ್ಪಲಿನ ಸಿಗ್ನಲ್ಲಿನಲ್ಲಿ, ಸ್ಕೂಟರಿನ ಮುಂದೆ ನಿಂತುಕೊಂಡು ನನ್ನ ಮಗಳು ಸಿಂಚನ ಕೇಳಿದ ಪ್ರಶ್ನೆ ಇದು. ಅವಳಿಗೆ ಐದು ವರ್ಷ. ಶಾಲೆ ಅರ್ಧ ದಿನ ಇದ್ದಾಗ ಅವಳನ್ನು ನಾನು ಕೆಲಸದ ಜಾಗಕ್ಕೇ ಕರೆದೊಯ್ಯುತ್ತೇನೆ, ಬೇರೆ ದಾರಿಯಿಲ್ಲ. ಅಲ್ಲಿ ಆ ತಾತ ನಂಜುಂಡಯ್ಯನವರು ಅಂದು ಅವಳ ಪುಟ್ಟ ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು, "ಇದು ಚಿತ್ರ ಬರೆಯೋ ಬೆರಳು. ಬೆಳಿಗ್ಗೆ ಹಸಿರು ಬಣ್ಣ ಹಿಡ್ಕೊಂಡಿದ್ದೆ, ಅಲ್ವೇನವ್ವ?" ಅಂದಿದ್ದರು. ಉಗುರಿನ ಸಂದಿಯಲ್ಲಿ ಹಸಿರು ಇದ್ದದ್ದು ನಿಜ. ಸಿಂಚನಳಿಗೆ ಅದು ದೊಡ್ಡ ಮಂತ್ರವಿದ್ಯೆಯಾಗಿ ಕಂಡಿತ್ತು.

"ತಾತ ಮೂವತ್ತು ವರ್ಷ ಬರೀ ಹೆಬ್ಬೆಟ್ಟೇ ಹಿಡ್ದಿದಾರೆ ಕಣೆ. ಅದೇ ಅವರ ಕೆಲಸ ಆಗಿತ್ತು," ಅಂದೆ.

"ಅದೂ ಒಂದು ಕೆಲ್ಸಾನಾ?"

ಅಷ್ಟರಲ್ಲಿ ಹಸಿರು ದೀಪ ಬಂತು. ಅವಳು ಮುಂದಿನ ಬೀದಿಯ ಬಲೂನಿನವನ ಕಡೆ ತಿರುಗಿದಳು, ನಾನು ಸ್ಕೂಟರನ್ನು ಮುಂದಕ್ಕೆ ಬಿಟ್ಟೆ. ಆದರೆ ಉತ್ತರ ಹೇಳಬೇಕಾದ ಪ್ರಶ್ನೆ ಅದು. ಅವಳು ದೊಡ್ಡವಳಾದ ಮೇಲೆ ಓದಿಕೊಳ್ಳಲಿ ಎಂದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನಾನು ಈಗ ಕೆಲಸ ಮಾಡುತ್ತಿರುವ ಕಟ್ಟಡಕ್ಕೆ ಸುತ್ತಮುತ್ತಲಿನವರು ಏಳು ಕಮಾನಿನ ಕಚೇರಿ ಅನ್ನುತ್ತಾರೆ. ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳುತ್ತಿದ್ದ ಕಾಲದಲ್ಲಿ ಕಟ್ಟಿದ್ದು. ಮುಂದೆ ಉದ್ದನೆಯ ವರಾಂಡ, ಕಲ್ಲಿನ ಕಂಬಗಳು, ಕಂಬದಿಂದ ಕಂಬಕ್ಕೆ ಕಮಾನು. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಜಮೀನು, ಮನೆ, ಸೈಟುಗಳ ಪತ್ರಗಳು ರಿಜಿಸ್ಟರ್ ಆಗುತ್ತಿದ್ದವು. ಹನ್ನೆರಡು ವರ್ಷಗಳ ಹಿಂದೆ ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು, ಇಲ್ಲಿ ಪಾರಿವಾಳಗಳು ಬಂದವು. ಈಗ ಅದನ್ನು ದುರಸ್ತಿ ಮಾಡಿ ಊರಿನ ಹಳೆಯ ವಸ್ತುಗಳನ್ನು ಇಡುವ ಮ್ಯೂಸಿಯಂ ಮಾಡುತ್ತಾರಂತೆ. ದುರಸ್ತಿಗೆ ಮುಂಚೆ ಗೋಡೆ, ಕಂಬಗಳ ಮೇಲೆ ಯಾವ ಯಾವ ಕಾಲದ ಸುಣ್ಣ, ಬಣ್ಣ ಇದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಆಪರೇಷನ್ ಬ್ಲೇಡಿನಲ್ಲಿ ಒಂದೊಂದೇ ಪದರ ಕೆರೆದು ಪುಟ್ಟ ಮೆಟ್ಟಿಲುಗಳ ಹಾಗೆ ಬಿಡಿಸುತ್ತಾ ಹೋದರೆ, ಮೇಲಿನ ಮೆಟ್ಟಿಲು ಮೊನ್ನೆಯದು, ಕೆಳಗಿನದು ಮುತ್ತಜ್ಜಿಯ ಕಾಲದ್ದು. ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರಾಂಡದ ಮೂರನೇ ಕಂಬದ ಮೇಲೆ ಸೊಂಟದೆತ್ತರದಿಂದ ಎದೆಯೆತ್ತರದವರೆಗೆ ಒಂದು ದೊಡ್ಡ ಕಪ್ಪು ಕಲೆ ಇತ್ತು. ನಮ್ಮ ಎಂಜಿನಿಯರ್ ದಿಲೀಪ್ ತಮ್ಮ ಪಟ್ಟಿಯಲ್ಲಿ "ಮೂರನೇ ಕಂಬ: ಜಿಡ್ಡು, ಹೊಗೆಯ ಕಲೆ. ಕಲ್ಲು ಕಾಣುವವರೆಗೆ ತೊಳೆಯುವುದು" ಎಂದು ಬರೆದಿದ್ದರು. ಕೆಳಗೆ ನಾನೂ ಸಹಿ ಹಾಕಿದ್ದೆ. ತೊಳೆಯುವವರು ಮುಂದಿನ ಸೋಮವಾರ ಬರುವುದೆಂದು ನಿಗದಿಯಾಗಿತ್ತು.

ಅದಕ್ಕೆ ಆರು ದಿನ ಮುಂಚೆ, ಮಂಗಳವಾರ, ನಂಜುಂಡಯ್ಯನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಕೊಡೆ. ಅರವತ್ತೈದರ ಮನುಷ್ಯ, ಆದರೆ ನೇರ ನಿಲುವು. ಪಾರಿವಾಳದ ಹಿಕ್ಕೆ ಬಿದ್ದ ಮೆಟ್ಟಿಲಿನ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹತ್ತಿ ಬಂದು ನೆಟ್ಟಗೆ ಮೂರನೇ ಕಂಬದ ಮುಂದೆ ನಿಂತರು.

"ಇದನ್ನ ತೊಳೀತೀರಂತೆ?"

"ಹೌದು ಸಾರ್. ಜಿಡ್ಡು..."

"ಜಿಡ್ಡಲ್ಲ ಕಣಮ್ಮ, ಮಸಿ. ಹೆಬ್ಬೆಟ್ಟಿನ ಮಸಿ. ಅರ್ಧ ತಾಲ್ಲೂಕೇ ಇದೆ ಇಲ್ಲಿ." ಆಮೇಲೆ ನನ್ನ ಕೈ ನೋಡಿದರು. "ನೀವು ಬ್ಲೇಡು ಹಿಡಿಯೋರು. ಹೆಬ್ಬೆಟ್ಟಿನ ಪಕ್ಕ ಗಂಟು ಕಟ್ಟಿದೆ. ನಿಮ್ಮ ಹತ್ರ ಭೂತಗನ್ನಡಿ ಇರ್ಬೇಕಲ್ಲ? ಇಟ್ಟು ನೋಡಿ, ಆಮೇಲೆ ಮಾತಾಡಿ."

ಭೂತಗನ್ನಡಿ ಇಟ್ಟು ನೋಡಿದೆ. ಕಪ್ಪು ಕಲೆ ಬಿಡಿಬಿಡಿಯಾಯಿತು. ಒಂದರ ಮೇಲೊಂದು, ಒಂದರ ಪಕ್ಕ ಒಂದು, ಮೇಲಿಂದ ಕೆಳಗೆ ಎಳೆದ ಬೆರಳಿನ ಗುರುತುಗಳು. ಕೆಲವು ಕಡೆ ಗೆರೆಗಳೂ ಸುಳಿಗಳೂ ಸ್ಪಷ್ಟವಾಗಿದ್ದವು. ಸಹಿ ಹಾಕುವ ಮುಂಚೆ ಈ ಕೆಲಸ ನಾನು ಮಾಡಿರಲಿಲ್ಲ. ನಾಚಿಕೆಯಾಯಿತು.

ಅವರನ್ನು ಕೂರಿಸಿ ಚಹಾ ತರಿಸಿದೆ. ಅಂದು ಅವರು ಹೇಳಿದ್ದು, ಆಮೇಲಿನ ದಿನಗಳಲ್ಲಿ ಹೇಳಿದ್ದು, ಎಲ್ಲ ಸೇರಿಸಿ ಬರೆಯುತ್ತೇನೆ.

ನಂಜುಂಡಯ್ಯನವರು ಈ ಕಚೇರಿಗೆ ಜವಾನರಾಗಿ ಸೇರಿದ್ದು ಎಂಬತ್ತಮೂರನೇ ಇಸವಿ ಜೂನ್ ತಿಂಗಳಲ್ಲಿ. ಅವರಿಗಿಂತ ಮುಂಚೆ ಹೆಬ್ಬೆಟ್ಟು ಒತ್ತಿಸುತ್ತಿದ್ದವರು ಮಹದೇವ ಎಂಬ ಹಿರಿಯರು. ಅವರು ನಿವೃತ್ತಿಗೆ ಮುಂಚೆ ಹದಿನೈದು ದಿನ ಹೊಸ ಹುಡುಗನಿಗೆ ಕೆಲಸ ಕಲಿಸಿದರು. ಕಲಿಸುವುದಕ್ಕೇನಿದೆ ಎಂದು ನಾನು ಕೇಳಿದೆ. ನಂಜುಂಡಯ್ಯನವರು ನನ್ನ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡರು.

"ರಸ್ತೆ ಕಡೆ ನೋಡಿ," ಅಂದರು.

ನೋಡಿದೆ. ಯಾವಾಗ ಅವರು ಬೆರಳನ್ನು ಈ ಉಗುರಂಚಿನಿಂದ ಆ ಉಗುರಂಚಿಗೆ ಹೊರಳಿಸಿದರೋ ತಿಳಿಯಲಿಲ್ಲ.

"ನೋಡಿದ್ರಾ? ಬೆರಳನ್ನೇ ನೋಡ್ತಿದ್ರೆ ಕೈ ಬಿಗಿಯಾಗುತ್ತೆ, ಗುರುತು ಕಲಸೋಗುತ್ತೆ. ಒತ್ತಬಾರ್ದು, ಹೊರಳಿಸ್ಬೇಕು. ಸೈಟು ಮಾರೋಕೆ ಬಂದೋರ ಕೈ ನಡುಗ್ತಿರುತ್ತೆ, ಅವರನ್ನ ಮಾತಾಡಿಸ್ಬೇಕು. ಯಾವ ಬಸ್ಸಲ್ಲಿ ಬಂದ್ರಿ, ಊಟ ಆಯ್ತಾ ಅಂತ. ಊದ್‌ಬತ್ತಿ ಹೊಸೆಯೋರ ಬೆರಳಿನ ಗೆರೆಯೊಳಗೆ ಹಿಟ್ಟು ತುಂಬಿಕೊಂಡಿರುತ್ತೆ, ಮೊದಲು ಒದ್ದೆ ಬಟ್ಟೇಲಿ ಒರೆಸ್ಬೇಕು. ಕಲ್ಲು ಕುಟ್ಟೋರಿಗೆ ಗೆರೇನೇ ಇರಲ್ಲ, ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ ಐದು ನಿಮಿಷ ಕೂರಿಸ್ಬೇಕು. ಇದ್ನೆಲ್ಲ ಯಾವ ಪುಸ್ತಕದಲ್ಲೂ ಬರೆದಿಲ್ಲ ಕಣಮ್ಮ. ಮಹದೇವಣ್ಣ ಹೇಳಿಕೊಟ್ಟಿದ್ದು."

ಹೆಬ್ಬೆಟ್ಟು ಓದು ಬಾರದವರದ್ದು ಮಾತ್ರ ಎಂದು ನಾನು ತಿಳಿದಿದ್ದೆ. ಅವರು ನಕ್ಕರು. ಪತ್ರಕ್ಕೆ ಸಹಿ ಹಾಕಿದವರೂ ಕಚೇರಿಯ ಹೆಬ್ಬೆಟ್ಟಿನ ಪುಸ್ತಕದಲ್ಲಿ ಎಡ ಹೆಬ್ಬೆಟ್ಟು ಒತ್ತಲೇಬೇಕಿತ್ತಂತೆ. ವಕೀಲರು, ಮೇಷ್ಟರು, ಜಯಲಕ್ಷ್ಮಿಪುರಂನಲ್ಲಿ ಬಂಗಲೆ ಕಟ್ಟಿಸಿದವರು ಎಲ್ಲರ ಮಣಿಕಟ್ಟನ್ನೂ ಈ ಕೈ ಹಿಡಿದಿದೆ. "ನಮ್ಮನೇಲಿ ಬಸವಮ್ಮ ಅಂತಾಳೆ, ಊರೋರ ಕೈಯೆಲ್ಲ ದಿನಾ ಹಿಡಿದ್ರಿ, ನನ್ನ ಕೈ ಹಿಡಿದಿದ್ದು ಮದ್ವೆ ದಿನ ಒಂದ್ಸಲ ಅಂತ."

ಮಸಿ ಹತ್ತಿದ ಬೆರಳನ್ನು ಒರೆಸಿಕೊಳ್ಳಲು ಕಚೇರಿಯವರು ಒಂದು ಬಟ್ಟೆ ಇಟ್ಟಿದ್ದರು. ಹತ್ತು ಜನ ಒರೆಸಿದ ಮೇಲೆ ಆ ಬಟ್ಟೆ ಮುಟ್ಟಿದವರ ಐದು ಬೆರಳಿಗೂ ಮಸಿ. ರಿಜಿಸ್ಟ್ರಿಗೆ ಬರುವ ದಿನ ಹೆಂಗಸರು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದರು. ಗಾಬರಿಯಲ್ಲಿ ಬೆರಳು ಸೆರಗಿಗೆ ಹೋಗುತ್ತಿತ್ತು. ಆ ಮಸಿ ಯಾವ ಸೋಪಿಗೂ ಬಿಡದು. ಅದಕ್ಕೇ ಮಹದೇವಣ್ಣ ಮೊದಲನೇ ದಿನವೇ ಹೇಳಿದ್ದು: ಬೆರಳು ಬಿಡುವ ಮುಂಚೆ ಬಾಯಿ ಬಿಡು, "ಸೀರೆಗೆ ಬ್ಯಾಡ ಕಣವ್ವ, ಕಂಬಕ್ಕೆ ಒರೆಸು" ಅನ್ನು. ಸುಣ್ಣದ ಕಂಬ ಮಸಿಯನ್ನು ಎಳೆದುಕೊಳ್ಳುತ್ತದೆ, ಬೆರಳು ಚೊಕ್ಕಟವಾಗುತ್ತದೆ. ದಸರಾಕ್ಕೆ ಮುಂಚೆ ಹೇಗೂ ಸುಣ್ಣ ಹೊಡೆಯುತ್ತಾರೆ, ಕಂಬ ಮತ್ತೆ ಬೆಳ್ಳಗಾಗುತ್ತದೆ.

"ಒರೆಸೋದ್ರಲ್ಲೂ ಎರಡು ಥರ ಕಣಮ್ಮ. ಮಾರಿದೋರು ಗಟ್ಟಿಯಾಗಿ ಒರೆಸೋರು, ಮೇಲಿಂದ ಕೆಳಕ್ಕೆ. ಕೊಂಡೋರು ಒರೆಸ್ತಾನೇ ಇರ್ಲಿಲ್ಲ. ಮನೆಗೆ ಹೋಗಿ ಎಲ್ಲರ್ಗೂ ತೋರಿಸ್ಬೇಕಲ್ಲ, ಮಸಿ ಆಗಿರೋ ಬೆರಳ್ನ. ಅದಕ್ಕೇ ಈ ಕಂಬದಲ್ಲಿರೋರು ಮುಕ್ಕಾಲು ಪಾಲು ಮಾರಿದೋರೇ."

ಇಷ್ಟು ಹೇಳಿ ಅವರು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಜೆರಾಕ್ಸ್ ತೆಗೆದರು. ತೊಂಬತ್ತಾರನೇ ಇಸವಿಯ ಮೆಮೊ. "ಕಚೇರಿಗೆ ಬರುವ ಸಾರ್ವಜನಿಕರಿಗೆ ಕಂಬಕ್ಕೆ ಮಸಿ ಒರೆಸುವ ದುರಭ್ಯಾಸವನ್ನು ತಾವಾಗಿ ಕಲಿಸಿ, ವಿಚಾರಣೆಯ ವೇಳೆ ದಿವಂಗತ ನೌಕರರೊಬ್ಬರ ಮೇಲೆ ಸುಳ್ಳು ಹೊರಿಸಿದ್ದಕ್ಕಾಗಿ ಎಚ್ಚರಿಕೆ ನೀಡಲಾಗಿದೆ."

ಆಗ ಬಂದಿದ್ದ ಹೊಸ ಸಾಹೇಬರ ಹೆಸರು ಅಮರೇಶಪ್ಪ. ಶುಚಿ, ಶಿಸ್ತು ಅಂದರೆ ಪ್ರಾಣ. ಕಂಬ ನೋಡಿ ಕೆಂಡವಾದರು. ಇದು ನಾನು ಶುರು ಮಾಡಿದ್ದಲ್ಲ ಸ್ವಾಮಿ, ನನಗೆ ಮಹದೇವಣ್ಣ ಹೇಳಿಕೊಟ್ಟಿದ್ದು, ಅವರಿಗಿಂತಲೂ ಹಿಂದಿನದು ಅಂತ ಅವರೇ ಹೇಳ್ತಿದ್ರು ಎಂದು ನಂಜುಂಡಯ್ಯನವರು ಹೇಳಿದರು. ಮಹದೇವಣ್ಣ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. "ಸತ್ತವರ ಮೇಲೆ ಹಾಕ್ತೀಯೇನಯ್ಯಾ?" ಅಂದರಂತೆ ಸಾಹೇಬರು, ಇಡೀ ಕಚೇರಿಯ ಎದುರಿಗೆ.

"ಎಚ್ಚರಿಕೆ ಕೊಟ್ಟಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಸಾಹೇಬ್ರು ಅಂದ್ಮೇಲೆ ಬಯ್ತಾರೆ. ಆದ್ರೆ ಸತ್ತೋರ ಮೇಲೆ ಸುಳ್ಳು ಹೇಳ್ದ ಅಂತ ಬರೆದ್ರಲ್ಲ, ಅದು. ನಂಗೆ ಕೆಲಸ ಕಲಿಸಿದ ಮನುಷ್ಯ ಅವರು." ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿದರು. "ಈ ಕಂಬದ ಒಳಗೆ ನಾನು ಹುಟ್ಟೋಕ್ಮುಂಚಿನ ಹೆಬ್ಬೆಟ್ಟಿದೆ. ನೀವು ಪದರ ಪದರ ಬಿಡಿಸ್ತೀರಂತಲ್ಲ. ಬಿಡಿಸಿ. ತೊಳೆದ್ಬುಟ್ರೆ ನಾನು ಸುಳ್ಳುಗಾರನಾಗೇ ಉಳ್ಕೋತೀನಿ."

ದಿಲೀಪ್ ಕೆಟ್ಟ ಹುಡುಗನೇನಲ್ಲ, ಲೆಕ್ಕದ ಮನುಷ್ಯ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಒಬ್ಬ ನೌಕರ ಶುರು ಮಾಡಿದ ಅಭ್ಯಾಸ ಆದ್ರೆ ಅದು ನಲವತ್ತು ವರ್ಷದ ಕಲೆ. ತೊಳೆಯೋದೇ ಸರಿ. ಕಟ್ಟಡದಷ್ಟೇ ಹಳೇ ಪದ್ಧತಿ ಆದ್ರೆ ಅದು ಕಟ್ಟಡದ ಭಾಗ. ಉಳಿಸ್ತೀನಿ. ಆದ್ರೆ ಇವರು ಸೇರೋಕೆ ಮುಂಚಿನ ಪದರ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

"ಹಳದಿ ನೋಡಿ," ಅಂದರು ನಂಜುಂಡಯ್ಯನವರು. "ನಾನು ಸೇರಿದ ವರ್ಷದ ದಸರಾಕ್ಕೆ ಮಾತ್ರ ಸುಣ್ಣಕ್ಕೆ ಹಳದಿ ಬೆರೆಸಿ ಹೊಡೆದ್ರು. ಅದಕ್ಕೆ ಮುಂಚೇನೂ ಇಲ್ಲ, ಆಮೇಲೂ ಇಲ್ಲ. ಸುಣ್ಣ ಹೊಡೆದೋರು ಮೂಲೇಲಿ ತಾರೀಖು ಬರೀತಿದ್ರು. ಹುಡುಕಿ, ಸಿಗುತ್ತೆ."

ಸಿಕ್ಕಿತು. ವರಾಂಡದ ಬಲತುದಿಯಲ್ಲಿ, ನೆಲದಿಂದ ಗೇಣೆತ್ತರದಲ್ಲಿ, ಮೇಲಿನ ಬಿಳಿಯನ್ನು ಕೆರೆದಾಗ, ಹಳದಿ ಪದರದ ಮೇಲೆ ಕಪ್ಪು ಕುಂಚದಲ್ಲಿ "9/83". ಆ ತಾರೀಖು ನೋಡಿ ನಾನು ಕುಣಿಯುವುದೊಂದು ಬಾಕಿ. ಮನುಷ್ಯನ ನೆನಪಿಗೂ ಗೋಡೆಗೂ ಇಷ್ಟು ಸರಿಯಾಗಿ ತಾಳೆಯಾಗುವುದು ನಮ್ಮ ಕೆಲಸದಲ್ಲಿ ಅಪರೂಪ.

ದಿಲೀಪ್ ಲೆಕ್ಕ ಹಾಕಿದರು. ಹಳದಿಯ ಕೆಳಗಿನ ಮೊದಲ ಬಿಳಿ ಪದರ ಎಂಬತ್ತೆರಡರ ದಸರಾದಿಂದ ಎಂಬತ್ತಮೂರರ ದಸರಾದವರೆಗೆ ಹೊರಗಿದ್ದದ್ದು. ನಂಜುಂಡಯ್ಯನವರು ಜೂನ್‌ನಲ್ಲಿ ಸೇರಿದ್ದರಿಂದ ಅದರಲ್ಲಿ ಅವರ ಕಾಲದ ಗುರುತೂ ಇರಬಹುದು. ಸಾಕ್ಷಿ ಬೇಕಾದರೆ ಅದಕ್ಕಿಂತ ಕೆಳಗಿನ ಪದರದಲ್ಲಿ ಹೆಬ್ಬೆಟ್ಟು ಸಿಗಬೇಕು. ನಂಜುಂಡಯ್ಯನವರು ತಲೆಯಾಡಿಸಿದರು. "ಸರಿಯಾಗಿ ಹೇಳಿದ್ರಿ ಸಾರ್. ಅಂಗೇ ಆಗ್ಲಿ."

ಬುಧವಾರ ಬೆಳಿಗ್ಗೆ ಕಪ್ಪು ಕಲೆಯ ನಡುಮಧ್ಯದಲ್ಲಿ ಪದರ ಬಿಡಿಸುವ ಪುಟ್ಟ ಕಿಂಡಿ ತೆರೆಯಲು ಕೂತೆ. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಹಿಂದೆ. ಒಂದು ಪದರ, ಮಸಿ. ಇನ್ನೊಂದು, ಮಸಿ. ಹತ್ತು, ಹದಿನೈದು, ಇಪ್ಪತ್ತು, ಎಲ್ಲದರಲ್ಲೂ ಬೆರಳುಗಳು. ಇದು ಆ ಉಗಾದಿ ಹೊತ್ತಿನ ರಶ್ಶು, ಇದು ಮಸಿ ತೆಳ್ಳಗೆ ಬಂದ ವರ್ಷ ಎಂದು ಅವರು ಹಿಂದಿನಿಂದ ಹೇಳುತ್ತಲೇ ಇದ್ದರು. ಊಟದ ಹೊತ್ತಿಗೆ ಹಳದಿ ಬಂತು, ಹಳದಿಯ ಮೇಲೂ ಬೆರಳು. ಹಳದಿಯ ಕೆಳಗಿನ ಬಿಳಿಯಲ್ಲಿ ಒಂದಷ್ಟು. ಅದರ ಕೆಳಗೆ ಹೋದೆ.

ಏನೂ ಇಲ್ಲ.

ಇನ್ನೊಂದು ಪದರ ತೆಗೆದೆ, ಮತ್ತೊಂದು ತೆಗೆದೆ. ಹಾಲಿನ ಕೆನೆಯ ಹಾಗೆ ಬಿಳಿ. ಕೊನೆಗೆ ಕಲ್ಲೇ ಬಂತು. ಪಕ್ಕದಲ್ಲಿ ಇನ್ನೊಂದು ಕಿಂಡಿ ತೆರೆದೆ, ಅದೂ ಹಾಗೇ. ಗುರುತುಗಳು ಶುರುವಾಗಿದ್ದು ಸರಿಯಾಗಿ ಎಂಬತ್ತಮೂರರಲ್ಲಿ. ಮೆಮೊ ಬರೆದವರು ಪಕ್ಕದಲ್ಲಿ ನಿಂತು ಹೇಳಿಸಿದ ಹಾಗಿತ್ತು.

ದಿಲೀಪ್ ದನಿ ತಗ್ಗಿಸಿ, "ಸಾರ್, ಬೇಜಾರ್ ಮಾಡ್ಕೋಬೇಡಿ. ಇದು ನೀವು ಬಂದ ವರ್ಷದಿಂದಾನೇ ಶುರುವಾದ ಹಾಗಿದೆ," ಅಂದರು. ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ನನ್ನ ಕೈಯಾರೆ ಅವರ ಮಾತನ್ನು ಸುಳ್ಳು ಮಾಡಿದ್ದೆ.

ನಂಜುಂಡಯ್ಯನವರು ಎದ್ದು ಬಂದು ಕಿಂಡಿಯನ್ನು ಬಹಳ ಹೊತ್ತು ನೋಡಿದರು.

"ಕಂಬ ಸುಳ್ಳು ಹೇಳಲ್ಲ. ಮಹದೇವಣ್ಣಾನೂ ಸುಳ್ಳು ಹೇಳೋ ಪೈಕಿ ಅಲ್ಲ. ನಾವೇ ಎಲ್ಲೋ ಎಡವಿದೀವಿ. ಸೋಮವಾರದ ತನಕ ಟೈಮದೆ, ಅಲ್ವಾ ಸಾರ್?"

"ಇದೆ. ಆದ್ರೆ..."

"ಸಾಕು ಬುಡಿ." ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ನಡಿಗೆಯಲ್ಲಿ ಸೋತವರ ಭಾರವಿರಲಿಲ್ಲ. ಮನೆಯಲ್ಲಿ ಏನೋ ಮರೆತು ಬಂದವರು ತರಲು ಹೋದ ಹಾಗಿತ್ತು.

ಗುರುವಾರ, ಶುಕ್ರವಾರ ಬರಲಿಲ್ಲ. ಶನಿವಾರ ನಾನು ಸಿಂಚನಳನ್ನು ಶಾಲೆಯಿಂದ ಕರೆತಂದು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆ, ಅವರು ಬಂದರು. ಕಂಕುಳಲ್ಲಿ ಕೊಡೆಯ ಬದಲು ಅಡುಗೆಮನೆಯ ಮಣೆ.

"ಇದೇನು ಸಾರ್, ಊಟಕ್ಕೆ ಬಂದ್ರಾ?" ಎಂದು ದಿಲೀಪ್ ನಕ್ಕರು.

"ನಿಮ್ಮ ಕೈ ಹಿಡಿಯೋಕೆ ಬಂದೆ. ಬನ್ನಿ ಇತ್ತ."

ಬೆಳಿಗ್ಗೆ ಹೆಂಡತಿ ಬಸವಮ್ಮ ನಂಜುಂಡಯ್ಯನವರನ್ನು ಅವರೆಕಾಯಿ ಸುಲಿಯಲು ಇದೇ ಮಣೆಯ ಮೇಲೆ ಕೂರಿಸಿದ್ದರಂತೆ. ಏಳುವಾಗ ಮೊಣಕಾಲು ಲಟಕ್ಕೆಂದಿತು. ಆ ಸದ್ದಿಗೆ ಮಹದೇವಣ್ಣ ನೆನಪಾದರು. ಕೊನೆಯ ಹದಿನೈದು ದಿನ ಅವರು ಗೊಣಗುತ್ತಿದ್ದದ್ದು ಒಂದೇ ವಿಷಯ: "ಮೂವತ್ತು ವರ್ಷ ಮಣೆ ಮೇಲೆ ಕೂತು ಮಾಡಿದ ಕೆಲ್ಸ ಕಣೋ. ಈಗ ಮೇಜು ತಂದಿಟ್ಟು ನಿಂತ್ಕೊಂಡು ಮಾಡು ಅಂತಾರೆ. ಮೇಜು ಬಂತು, ನನ್ನ ಮೊಣಕಾಲು ಹೋಯ್ತು." ಮೇಜು ವರಾಂಡಕ್ಕೆ ಬಂದದ್ದೂ ನಂಜುಂಡಯ್ಯನವರು ಸೇರಿದ್ದೂ ಒಂದೇ ತಿಂಗಳು. ಅವರ ಕಣ್ಣಿಗೆ ಆ ಮೇಜು ಮೊದಲಿಂದ ಅಲ್ಲೇ ಇದ್ದದ್ದು. ಅದಿಲ್ಲದ ಕಚೇರಿಯನ್ನು ಅವರು ಕಂಡೇ ಇರಲಿಲ್ಲ.

ಮೂರನೇ ಕಂಬದ ಬುಡದಲ್ಲಿ ಮಣೆ ಹಾಕಿ ಕೂತರು. ಮುಂದೆ ನನ್ನ ಬ್ಲೇಡಿನ ಪೆಟ್ಟಿಗೆಯನ್ನು ಎಳೆದುಕೊಂಡರು, ಪುಸ್ತಕ ಇಡುವ ಪೆಟ್ಟಿಗೆ ಅದು ಎಂಬಂತೆ.

"ಕುಕ್ಕರಗಾಲಲ್ಲಿ ಕೂತ್ಕೊಳ್ಳಿ ಸಾರ್. ಜಮೀನು ಮಾರೋಕೆ ಬಂದಿದೀರಿ ಅನ್ಕೊಳ್ಳಿ."

"ನನ್ನ ಹತ್ರ ಜಮೀನೆಲ್ಲಿ ಸಾರ್, ಬೈಕ್ ಲೋನೇ ತೀರಿಲ್ಲ."

"ಬೈಕೇ ಮಾರಿ. ಎಡಗೈ ಕೊಡಿ. ರಸ್ತೆ ಕಡೆ ನೋಡಿ. ಊಟ ಆಯ್ತಾ? ಏನ್ ಮಾಡಿದ್ರು ಮನೇಲಿ?"

"ಉಪ್ಪಿಟ್ಟು," ಎಂದರು ದಿಲೀಪ್ ರಸ್ತೆ ನೋಡುತ್ತಾ. ಅಷ್ಟರಲ್ಲಿ ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು. ನಂಜುಂಡಯ್ಯನವರು ಮನೆಯಿಂದ ಹಳೆಯ ಪ್ಯಾಡನ್ನೂ ತಂದಿದ್ದರು.

"ಅಂಗಿಗೆ ಬ್ಯಾಡಿ ಸಾರ್, ಕಂಬಕ್ಕೆ ಒರೆಸಿ!"

ದಿಲೀಪರ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಕಂಬಕ್ಕೆ ಇನ್ನೇನು ತಾಗಬೇಕು, ನಾನು ಕೂಗಿ ನಡುವೆ ಒಂದು ಹಾಳೆ ಹಿಡಿದೆ. ಹಾಳೆಯ ಮೇಲೆ ಕಪ್ಪಗೆ ಒಂದು ಗೆರೆ ಮೂಡಿತು. ಹಾಳೆಯನ್ನು ಅಲ್ಲೇ ಒತ್ತಿ ಹಿಡಿದು ಅಳತೆ ಟೇಪು ಇಟ್ಟೆ. ನೆಲದಿಂದ ಒಂದೂಮುಕ್ಕಾಲು ಅಡಿ. ನಾವು ಕಿಂಡಿ ತೆರೆದದ್ದು ನಾಲ್ಕಡಿ ಎತ್ತರದಲ್ಲಿ.

ದಿಲೀಪ್ ತಮ್ಮ ಹೆಬ್ಬೆಟ್ಟನ್ನೇ ನೋಡುತ್ತಾ ಕೂತಿದ್ದರು.

ಆ ಎತ್ತರದಲ್ಲಿ ಕಂಬ ಹೊರಗಿನಿಂದ ಶುಭ್ರ ಬಿಳಿ. ಅದಕ್ಕೇ ನಮ್ಮ ಕಣ್ಣು ಅತ್ತ ಹೋಗಿರಲಿಲ್ಲ. ನೆಲದ ಮೇಲೆ ಗೋಣಿತಾಟು ಹಾಸಿಕೊಂಡು ಪಕ್ಕಕ್ಕೆ ಒರಗಿ ಮಲಗಿದ ಹಾಗೆ ಕೆರೆಯಲು ಶುರು ಮಾಡಿದೆ. ಸಿಂಚನ ಟಾರ್ಚು ಹಿಡಿದಳು, ಐದು ನಿಮಿಷಕ್ಕೆ ಬೇಸರ ಬಂದು ಕೊಟ್ಟುಬಿಟ್ಟಳು. ಮೇಲಿನ ಪದರ ಬಿಳಿ. ಆಮೇಲಿನದೂ ಬಿಳಿ. ಇಪ್ಪತ್ತೂ ದಾಟಿತು, ಎಲ್ಲ ಬಿಳಿ. ಹಳದಿ ಬಂತು, ಅದೂ ಬರಿದು. ಹಳದಿಯ ಕೆಳಗಿನ ಬಿಳಿಯನ್ನು ಬಿಡಿಸಿದಾಗ ಬ್ಲೇಡಿನ ತುದಿ ಕಪ್ಪಾಯಿತು.

ಅದೊಂದೇ ಸಾಲದು ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಬ್ಲೇಡು ಒರೆಸಿಕೊಂಡು ಅದರ ಕೆಳಗಿನದಕ್ಕೆ ಹೋದೆ.

ಬೆರಳುಗಳು. ಒತ್ತೊತ್ತಾಗಿ, ಮೇಲಿಂದ ಕೆಳಕ್ಕೆ ಗಟ್ಟಿಯಾಗಿ ಎಳೆದವು. ಅದರ ಕೆಳಗೂ. ಅದರ ಕೆಳಗೂ. ಮಸಿಯ ಬಣ್ಣ ಒಂದೆಡೆ ಕಂದು ತಿರುಗಿತು, ಆದರೆ ಬೆರಳು ನಿಲ್ಲಲಿಲ್ಲ. ನಲವತ್ತು ಪದರ ಎಣಿಸಿದ ಮೇಲೆ ನಾನು ಎಣಿಸುವುದನ್ನು ದಿಲೀಪರಿಗೆ ಬಿಟ್ಟೆ. ಕಲ್ಲಿಗೆ ಮುಂಚಿನ ಹತ್ತಾರು ಪದರಗಳಲ್ಲಿ ಮಾತ್ರ ಏನೂ ಇರಲಿಲ್ಲ, ಆ ಪದ್ಧತಿ ಬರುವ ಮುಂಚಿನದಿರಬೇಕು.

"ಮಹದೇವ ಅವರ ಕಾಲಕ್ಕಿಂತಲೂ ಹಿಂದೆ ಹೋಗ್ತಿದೆ ಸಾರ್," ಎಂದರು ದಿಲೀಪ್. "ಅವರಿಗೂ ಯಾರೋ ಹೇಳಿಕೊಟ್ಟಿದಾರೆ."

ನಂಜುಂಡಯ್ಯನವರು ಮಣೆಯ ಮೇಲೆಯೇ ಇದ್ದರು. ಒಂದು ಗುರುತಿನ ಹತ್ತಿರ ತಮ್ಮ ಹೆಬ್ಬೆಟ್ಟನ್ನು ತಂದು, ಮುಟ್ಟದೆ, ಅದರ ಮೇಲೆ ಗಾಳಿಯಲ್ಲೇ ಇಳಿಸಿದರು.

"ಇದು ಹೆಂಗ್ಸಿನ ಬೆರಳು. ಸಣ್ಣದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸೀರೆ ಉಳ್ಕೊಳ್ತು ನೋಡಿ."

ಆಮೇಲೆ ಎದ್ದು ನಿಲ್ಲಲು ನಮ್ಮಿಬ್ಬರ ಕೈ ಬೇಕಾಯಿತು. ಸಿಂಚನಳ ಬೆರಳು ನೋಡಿ ಹಸಿರು ಬಣ್ಣದ ಗುಟ್ಟು ಹೇಳಿದ್ದು ಆಗಲೇ.

ಸೋಮವಾರ ತೊಳೆಯುವವರು ಬಂದರು, ಬೇರೆ ಕಂಬಗಳನ್ನು ತೊಳೆದು ಹೋದರು. ಮೂರನೇ ಕಂಬದ ಸುತ್ತ ಹಗ್ಗ ಕಟ್ಟಿದೆವು. ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿ ದಿಲೀಪ್ ತಮ್ಮ ಕೈಯಾರೆ ಬರೆದರು: "ಮೂರನೇ ಕಂಬ: ಉಳಿಸುವುದು. ಎರಡೂ ಎತ್ತರದ ಕಿಂಡಿಗಳನ್ನು ತೆರೆದೇ ಇಡುವುದು." ನಾನು ವರದಿ ಬರೆದೆ, ಒಂದೊಂದು ಮೆಟ್ಟಿಲಿನ ಫೋಟೋ ಸೇರಿಸಿದೆ. ಮೇಲಿನ ಕಿಂಡಿಯಲ್ಲಿ ಹಳದಿಯ ಮೇಲೆ ಕಪ್ಪು, ಕೆಳಗೆ ಬಿಳಿ. ಕೆಳಗಿನ ಕಿಂಡಿಯಲ್ಲಿ ಹಳದಿಯ ಮೇಲೆ ಬಿಳಿ, ಕೆಳಗೆ ಕಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮೇಜು ಬಂದ ಕಥೆ ಮಗುವಿಗೂ ತಿಳಿಯುತ್ತದೆ. ಸಿಂಚನಳಿಗೆ ತೋರಿಸಿದೆ, ತಿಳಿಯಿತು. "ಮುಂಚೆ ಎಲ್ಲಾರೂ ಕೆಳಗೆ ಕೂತ್ಕೋತಿದ್ರು, ಆಮೇಲೆ ನಿಂತ್ಕೊಂಡ್ರು," ಅಂದಳು. ನನ್ನ ಹದಿನಾಲ್ಕು ಪುಟದ ವರದಿಯಲ್ಲಿ ಇರುವುದೂ ಅಷ್ಟೇ.

ವರದಿಯ ಒಂದು ಪ್ರತಿಯನ್ನು ನಂಜುಂಡಯ್ಯನವರ ಮನೆಗೇ ಹೋಗಿ ಕೊಟ್ಟೆ. ರಾಜೀವನಗರದಲ್ಲಿ ಮಹಡಿ ಮೇಲಿನ ಎರಡು ಕೋಣೆಯ ಮನೆ. ಬಸವಮ್ಮ ಅವರೆಕಾಳು ಉಪ್ಪಿಟ್ಟು ಕೊಟ್ಟರು. ನಂಜುಂಡಯ್ಯನವರು ಕನ್ನಡಕ ಹಾಕಿಕೊಂಡು ಮಹದೇವ ಎಂಬ ಹೆಸರು ಎಲ್ಲಿ ಬಂದಿದೆಯೋ ಅಲ್ಲಿ ಮಾತ್ರ ಬೆರಳಿಟ್ಟು ಓದಿದರು. ಎರಡು ಕಡೆ ಬಂದಿತ್ತು. ಎರಡನ್ನೂ ಎರಡೆರಡು ಸಲ ಓದಿದರು.

ಮೆಮೊ ತೆಗೆದುಹಾಕಿಸಲು ಅರ್ಜಿ ಕೊಡಬಹುದು, ನಾನು ಬರೆದುಕೊಡುತ್ತೇನೆ ಅಂದೆ.

"ರಿಟೈರಾದೋನಿಗೆ ಯಾವ ಮೆಮೊ ಬುಡಿ. ಅದ್ರಿಂದ ಈಗ ಆಗ್ಬೇಕಾದ್ದೇನಿಲ್ಲ."

"ಅವರಿಗೆ ಇನ್ನೇನೋ ಕೇಳೋದಿದೆ," ಎಂದರು ಬಸವಮ್ಮ ಒಳಗಿನಿಂದ. "ಮೂರು ದಿನದಿಂದ ನನ್ನ ತಲೆ ತಿಂತಿದಾರೆ. ಕೇಳ್ರೀ, ಬಾಯಿ ಬಿಟ್ಟು ಕೇಳ್ರೀ. ಊರೋರ್ನೆಲ್ಲ ಮಾತಾಡ್ಸಿದ ಬಾಯಿ."

ನಂಜುಂಡಯ್ಯನವರು ವರದಿಯನ್ನು ಮೊಣಕಾಲ ಮೇಲೆ ಸರಿಯಾಗಿ ಇಟ್ಟುಕೊಂಡರು.

"ಅಮರೇಶಪ್ಪ ಸಾಹೇಬ್ರು ಇನ್ನೂ ಇದಾರೆ ಕಣಮ್ಮ. ಎಂಬತ್ತು ದಾಟಿದೆ. ಜಯಲಕ್ಷ್ಮಿಪುರಂನಲ್ಲಿ ಮಗನ ಮನೆ. ಇವತ್ತಿಗೂ ಅವರು ನಾನು ಸತ್ತೋರ ಮೇಲೆ ಹೇಳ್ದೆ ಅಂತಾನೇ ನಂಬಿದಾರೆ. ಮಹದೇವಣ್ಣ ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ ಅಂತ ಅವರ ಕಿವಿಗೆ ಬೀಳ್ಬೇಕು. ತಪ್ಪು ನಿಮ್ದು ಅಂತ ಅನ್ನೋಕಲ್ಲ. ನೀವೇ ಓದಿ ಹೇಳ್ಬೇಕು, ನಾನು ಓದಿದ್ರೆ ದನಿ ಏರ್ಬುಡುತ್ತೆ."

"ಬರ್ತೀನಿ," ಅಂದೆ. "ಭಾನುವಾರ ಬೆಳಿಗ್ಗೆ?"

"ಭಾನುವಾರಾನೇ ಆಗ್ಲಿ. ಇನ್ನೊಂದು. ನಮ್ಮ ಸಿಂಚನಮ್ಮನ್ನೂ ಕರ್ಕೊಂಡ್ ಬನ್ನಿ. ನನ್ನನ್ನ ಬಾಗಿಲಲ್ಲಿ ನೋಡಿದ್ರೆ ಜಗಳಕ್ಕೆ ಬಂದ ಅನ್ಕೋತಾರೆ. ಮಗು ಕೈ ಹಿಡ್ಕೊಂಡು ಬಂದೋನನ್ನ ಯಾರೂ ಹಂಗನ್ಕೊಳ್ಳಲ್ಲ."